ಉಳಿದವರ ಊರು: ಜೇನ್ ಜೇಕಬ್ಸ್ ಅವರ ನಗರಗ್ರಂಥದ ವಿಮರ್ಶೆ

ಗಡಿನಾಡಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ವಿಮರ್ಶೆಯೆಂದರೆ ಶರಣರ ವಚನಗಳನ್ನೋ ದಾಸರ ಪದಗಳನ್ನೋ ಬೇಂದ್ರೆಯವರ ಕಾವ್ಯವನ್ನೋ ಕುರಿತು ಬರೆಯುವುದು ರೂಢಿ. ಬೇಂದ್ರೆಯವರಂತೂ 1944ರಿಂದ ಹನ್ನೆರಡು ವರ್ಷ ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ಅವರನ್ನು ಕುರಿತು ಎಷ್ಟು ಬರೆದರೂ ನಮಗೆ ತೃಪ್ತಿಯಿಲ್ಲ. ಆ ರೂಢಿಯನ್ನು ಈ ಸಲ ಬದಿಗಿರಿಸಿ, ಅಮೇರಿಕದ ಲೇಖಕಿಯೊಬ್ಬರು 1961ರಲ್ಲಿ ಪ್ರಕಟಿಸಿದ ಗ್ರಂಥವೊಂದನ್ನು ಸಹೃದಯರ ಮುಂದಿಡುತ್ತಿದ್ದೇವೆ. ಗ್ರಂಥದ ಹೆಸರು ‘ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’. ಅಮೇರಿಕದ ಮಹಾನಗರಗಳ ಸಾವು ಮತ್ತು ಬದುಕು ಎಂದು ಕನ್ನಡದಲ್ಲಿ ಹೇಳಬಹುದು. ಲೇಖಕಿ ಜೇನ್ ಜೇಕಬ್ಸ್.

ಇದಕ್ಕೆ ಕಾರಣವಿದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರದ ಹೆಸರು ಬಂದಂದಿನಿಂದ ‘ಹಳೆಯ ಊರಿನ ಪುನರುಜ್ಜೀವನ’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಸೊರಗಿದ ಪೇಠಗಳಿಗೆ ಮತ್ತೆ ಜೀವ ಬರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಕಾರರು ಆ ಶಬ್ದವನ್ನು ಒಂದು ಅರ್ಥದಲ್ಲಿ ಆಡುತ್ತಾರೆ, ಕಟ್ಟಡ ಕಟ್ಟುವವರು ಇನ್ನೊಂದು ಅರ್ಥದಲ್ಲಿ, ಅದೇ ಓಣಿಯಲ್ಲಿ ಐವತ್ತು ವರ್ಷ ಬಾಡಿಗೆಗಿದ್ದ ವೃದ್ಧೆ ಮತ್ತೊಂದು ಅರ್ಥದಲ್ಲಿ. ಒಂದು ಶಬ್ದಕ್ಕೆ ಇಷ್ಟು ಅರ್ಥಗಳು ಹುಟ್ಟಿಕೊಂಡಾಗ ವಿಮರ್ಶಕನಿಗೆ ಅಲ್ಲಿ ಕೆಲಸವಿದೆ ಎಂದು ನಮ್ಮ ನಂಬಿಕೆ. ಜೇಕಬ್ಸ್ ಅವರ ಗ್ರಂಥ ಇಂಥದೇ ಒಂದು ಶಬ್ದದ ಮೇಲೆ ನಡೆದ ಯುದ್ಧ.

ಜೇಕಬ್ಸ್ 1916ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಎಂಬ ಕಲ್ಲಿದ್ದಲಿನ ಊರಿನಲ್ಲಿ ಹುಟ್ಟಿದರು. ನಗರಯೋಜನೆಯ ಶಾಸ್ತ್ರವನ್ನು ಕಲಿತವರಲ್ಲ. ಕಾಲೇಜಿನ ಪದವಿಯೂ ಅವರಿಗಿರಲಿಲ್ಲ. ನ್ಯೂಯಾರ್ಕಿನಲ್ಲಿ ವಾಸ್ತುಶಿಲ್ಪದ ಮಾಸಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಆ ಕಾಲದಲ್ಲಿ ಅಮೇರಿಕದ ನಗರಾಡಳಿತಗಳು ಕೇಂದ್ರ ಸರಕಾರದ 1949ರ ವಸತಿ ಕಾಯಿದೆಯ ಬಲದಿಂದ ಊರ ನಡುವಣ ಹಳೆಯ ಪೇಟೆಗಳನ್ನು ‘ಕೊಳೆಗೇರಿ’ ಎಂದು ಘೋಷಿಸಿ, ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ನೆಲಸಮ ಮಾಡಿ, ಹೊಸ ಗೋಪುರಗಳನ್ನು ಕಟ್ಟುವವರಿಗೆ ಕೊಡುತ್ತಿದ್ದವು. ಇದಕ್ಕೆ ‘ನಗರ ನವೀಕರಣ’ ಎಂದು ಹೆಸರು. ವಿದ್ವಾಂಸರೂ ಬ್ಯಾಂಕುಗಳೂ ಪತ್ರಿಕೆಗಳೂ ಒಕ್ಕೊರಲಿನಿಂದ ಇದನ್ನು ಹೊಗಳುತ್ತಿದ್ದ ಹೊತ್ತಿನಲ್ಲಿ, 1958ರಲ್ಲಿ ‘ಫಾರ್ಚೂನ್’ ಪತ್ರಿಕೆಯಲ್ಲಿ ಜೇಕಬ್ಸ್ ಒಂದು ಲೇಖನ ಬರೆದರು: ನಡುಪೇಟೆ ಇರುವುದು ಜನರಿಗಾಗಿ, ನಕ್ಷೆಗಾಗಿ ಅಲ್ಲ ಎಂಬುದು ಅದರ ಸಾರ. ಮೂರು ವರ್ಷದ ಬಳಿಕ ಆ ಲೇಖನವೇ ನಾನೂರಕ್ಕೂ ಹೆಚ್ಚು ಪುಟಗಳ ಗ್ರಂಥವಾಗಿ ಬೆಳೆಯಿತು.

ಗ್ರಂಥದ ಮೊದಲ ವಾಕ್ಯದಲ್ಲಿಯೇ ಇದೊಂದು ದಾಳಿ ಎಂದು ಲೇಖಕಿ ಸಾರಿಬಿಡುತ್ತಾರೆ. ಇಂಥ ಆರಂಭ ಪಂಡಿತರ ಗ್ರಂಥಗಳಲ್ಲಿ ಅಪರೂಪ. ಆದರೆ ದಾಳಿಯ ಆಯುಧ ಸಿದ್ಧಾಂತವಲ್ಲ, ನೋಟ. ಜೇಕಬ್ಸ್ ಬೀದಿಯಲ್ಲಿ ನಿಂತು ನೋಡುತ್ತಾರೆ. ತಮ್ಮ ಮನೆಯಿದ್ದ ಹಡ್ಸನ್ ಬೀದಿಯಲ್ಲಿ ಬೆಳಿಗ್ಗೆ ಯಾವ ಅಂಗಡಿಯ ಬಾಗಿಲು ಮೊದಲು ತೆರೆಯಿತು, ಶಾಲೆಯ ಮಕ್ಕಳು ಯಾವ ದಿಕ್ಕಿಗೆ ಹೋದರು, ರಾತ್ರಿ ಯಾರು ಹಾಡುತ್ತ ಮನೆಗೆ ಮರಳಿದರು, ಎಲ್ಲವನ್ನೂ ಬರೆದಿಡುತ್ತಾರೆ. ಅಲ್ಲಿನ ಜನ ಊರಿಗೆ ಹೋಗುವಾಗ, ಬರಲಿರುವ ನೆಂಟರಿಗಾಗಿ ಮನೆಯ ಬೀಗದ ಕೈಯನ್ನು ಮೂಲೆಯ ತಿನಿಸಿನ ಅಂಗಡಿಯಲ್ಲಿ ಬಿಟ್ಟುಹೋಗುತ್ತಿದ್ದರಂತೆ. ಯಾರ ಮನೆಯ ಕೈ ಯಾರಿಗೆ ಕೊಡಬೇಕೆಂಬುದು ಅಂಗಡಿಯವನಿಗೆ ಗೊತ್ತು. ಕೇಳಬಾರದ್ದನ್ನು ಆತ ಕೇಳುವುದಿಲ್ಲ. ಇದನ್ನು ಓದಿದಾಗ ನಮ್ಮ ಪೇಠಗಳ ಕಿರಾಣಿ ಅಂಗಡಿ ನೆನಪಾಗದವರು ಸಂಘದ ಸದಸ್ಯರಲ್ಲಿ ಇರಲಾರರು. ಇಂಥ ಸಣ್ಣ ನಂಬಿಕೆಗಳು ಸಾವಿರಗಟ್ಟಲೆ ಕೂಡಿದಾಗ ಬೀದಿ ಸುರಕ್ಷಿತವಾಗುತ್ತದೆ, ಪೊಲೀಸರಿಂದಲ್ಲ ಎಂಬುದು ಜೇಕಬ್ಸ್ ಅವರ ವಾದ.

ಗ್ರಂಥದ ಜೀವಾಳ ಎನ್ನಬಹುದಾದ ಉದಾಹರಣೆ ಬಾಸ್ಟನ್ ನಗರದ ನಾರ್ತ್ ಎಂಡ್. ಬಂದರಿನ ಪಕ್ಕದ, ಇಟಲಿಯಿಂದ ಬಂದ ಬಡವರು ತುಂಬಿದ್ದ ಹಳೆಯ ಪೇಟೆ. ಸರಕಾರದ ನಕ್ಷೆಯಲ್ಲಿ ಅದು ಕೊಳೆಗೇರಿ. ಇಕ್ಕಟ್ಟಾದ ಓಣಿಗಳು, ಕೆಳಗೆ ಅಂಗಡಿ ಮೇಲೆ ಮನೆ, ಮಕ್ಕಳಿಗೆ ಆಡಲು ಬಯಲಿಲ್ಲ. ಬ್ಯಾಂಕುಗಳು ಅಲ್ಲಿ ಮನೆ ದುರಸ್ತಿಗೂ ಸಾಲ ಕೊಡುತ್ತಿರಲಿಲ್ಲ. ಜೇಕಬ್ಸ್ ಅದನ್ನು ಇಪ್ಪತ್ತು ವರ್ಷಗಳ ಹಿಂದೆ ಒಮ್ಮೆ ನೋಡಿದ್ದರು. 1959ರಲ್ಲಿ ಮತ್ತೆ ಹೋದಾಗ ಬೆರಗಾದರು. ಮನೆಗಳಿಗೆ ಬಣ್ಣ ಬಂದಿತ್ತು, ಕಿಟಕಿಗಳಿಗೆ ಹೊಸ ಪರದೆ ಬಂದಿತ್ತು, ಒಂದೇ ಕೋಣೆಯಲ್ಲಿ ಹಲವು ಸಂಸಾರ ತುಂಬುವುದು ನಿಂತಿತ್ತು. ದುಡ್ಡು ಎಲ್ಲಿಂದ ಬಂತು? ಜನರ ಸ್ವಂತ ಉಳಿತಾಯದಿಂದ, ಮತ್ತು ಕೈಕೆಲಸದ ವಿನಿಮಯದಿಂದ: ಬಡಗಿಯು ಗಾರೆಯವನ ಮನೆಗೆ, ಗಾರೆಯವನು ಬಡಗಿಯ ಮನೆಗೆ. ಬಾಸ್ಟನ್ನಿನ ಪರಿಚಿತ ಯೋಜಕರೊಬ್ಬರಿಗೆ ಫೋನು ಮಾಡಿದರೆ, ಅದು ಊರಿನ ಅತ್ಯಂತ ಕೆಟ್ಟ ಕೊಳೆಗೇರಿ ಎಂದರಂತೆ. ಅದೇ ಉಸಿರಿನಲ್ಲಿ ಅಂಕಿಗಳನ್ನೂ ಕೊಟ್ಟರು: ಅಲ್ಲಿನ ಮರಣ ಪ್ರಮಾಣ ಸಾವಿರಕ್ಕೆ 8.8, ಇಡೀ ನಗರದ ಸರಾಸರಿ 11.2. ಬಾಲಾಪರಾಧವೂ ರೋಗವೂ ಊರಿಗೇ ಕಡಿಮೆ. ತಮಗೂ ಅಲ್ಲಿಗೆ ಹೋಗಿ ಬೀದಿಯಲ್ಲಿ ಸುತ್ತಾಡುವುದು ಇಷ್ಟವೇ ಎಂದು ಆತ ಒಪ್ಪಿಕೊಂಡರು. ಆದರೂ ಅದನ್ನು ಕೆಡವಲೇಬೇಕು ಎಂಬ ಪಾಠವನ್ನು ಬಿಡಲಾರದಾದರು. ಪಠ್ಯಪುಸ್ತಕವು ಕಣ್ಣನ್ನು ಹೇಗೆ ಕಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾವು ಓದಿಲ್ಲ. ಶಿಕ್ಷಕ ವೃತ್ತಿಯಲ್ಲಿ ಜೀವ ಸವೆಸಿದವರಿಗೆ ಇದು ಸ್ವಲ್ಪ ಚುಚ್ಚುವ ಪ್ರಸಂಗವೂ ಹೌದು.

ಅದೇ ಬಾಸ್ಟನ್ನಿನಲ್ಲಿ, ಅಂಥದೇ ಬಡವರ ಇನ್ನೊಂದು ಪೇಟೆ ವೆಸ್ಟ್ ಎಂಡ್. ಅದರ ಅದೃಷ್ಟ ಬೇರೆ. 1958ರಿಂದ ಅದನ್ನು ಕೆಡವಲಾಯಿತು. ಸುಮಾರು 2,700 ಕುಟುಂಬಗಳು ಚದುರಿಹೋದವು. ಆ ಜಾಗದಲ್ಲಿ ಅನುಕೂಲಸ್ಥರಿಗಾಗಿ ಎತ್ತರದ ವಸತಿ ಗೋಪುರಗಳು ಎದ್ದವು. ಕೆಡವುವುದಕ್ಕೆ ಸ್ವಲ್ಪ ಮೊದಲು ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞರು ಆ ಪೇಟೆಯಲ್ಲಿಯೇ ವಾಸವಿದ್ದು, ಅಲ್ಲಿನ ಬದುಕನ್ನು ದಾಖಲಿಸಿ, 1962ರಲ್ಲಿ ‘ದಿ ಅರ್ಬನ್ ವಿಲೇಜರ್ಸ್’ ಎಂಬ ಗ್ರಂಥ ಬರೆದರು. ನಗರದ ನಡುವೆ ಇದ್ದ ಹಳ್ಳಿಗರು ಎಂಬುದು ಹೆಸರಿನ ಭಾವ. ಜೇಕಬ್ಸ್ ಅವರ ಗ್ರಂಥವನ್ನು ಓದುವವರು ಇದನ್ನೂ ಜೊತೆಯಲ್ಲಿಟ್ಟು ಓದಬೇಕು. ಒಬ್ಬರದು ಉಳಿದ ಪೇಟೆಯ ಕಥೆ, ಇನ್ನೊಬ್ಬರದು ಅಳಿದ ಪೇಟೆಯ ಕಥೆ.

ಹಾಗಾದರೆ ಸೊರಗಿದ ಪೇಟೆ ತಾನಾಗಿ ಚೇತರಿಸಿಕೊಳ್ಳುವುದು ಹೇಗೆ? ಜೇಕಬ್ಸ್ ನಾಲ್ಕು ಷರತ್ತುಗಳನ್ನು ಹೇಳುತ್ತಾರೆ. ಮನೆ, ಅಂಗಡಿ, ಕಸುಬು ಒಂದೇ ಕಡೆ ಬೆರೆತಿರಬೇಕು. ಬೀದಿಗಳು ಚಿಕ್ಕಚಿಕ್ಕದಾಗಿ, ಮೇಲಿಂದ ಮೇಲೆ ತಿರುವುಗಳಿರಬೇಕು. ಹೊಸ ಕಟ್ಟಡಗಳ ನಡುವೆ ಹಳೆಯವೂ ಸಾಕಷ್ಟು ಇರಬೇಕು. ಜನ ಒತ್ತಾಗಿ ವಾಸಿಸಬೇಕು. ಚಿಕ್ಕ ಬೀದಿಗಳ ಅಧ್ಯಾಯವನ್ನು ಅಗತ್ಯಕ್ಕಿಂತ ಹೆಚ್ಚು ಎಳೆದಿದ್ದಾರೆ ಎಂದು ನಮಗೆ ಅನಿಸುತ್ತದೆ. ಹಳೆಯ ಕಟ್ಟಡಗಳ ಅಧ್ಯಾಯ ಮಾತ್ರ ಚಿನ್ನ. ಹಳೆಯ ಮನೆ ಚೆಂದವೆಂದು ಅವರು ಅದನ್ನು ಉಳಿಸಹೇಳುವುದಿಲ್ಲ. ಹೊಸ ಕಟ್ಟಡದ ಬಾಡಿಗೆಯನ್ನು ದೊಡ್ಡ ಅಂಗಡಿ ಮಾತ್ರ ಕೊಡಬಲ್ಲದು. ಪುಸ್ತಕ ಕಟ್ಟುವವನು, ಗಡಿಯಾರ ರಿಪೇರಿಯವನು, ಈಗಷ್ಟೇ ಕಸುಬು ಆರಂಭಿಸಿದವನು ಹಳೆಯ, ಸಾಲ ತೀರಿದ ಕಟ್ಟಡದಲ್ಲಿ ಮಾತ್ರ ಬದುಕಬಲ್ಲರು. ಹಳೆಯ ಕಟ್ಟಡವೆಂದರೆ ಅಗ್ಗದ ಬಾಡಿಗೆ. ಅಗ್ಗದ ಬಾಡಿಗೆಯೆಂದರೆ ಸಣ್ಣ ಮನುಷ್ಯನಿಗೆ ಊರ ನಡುವೆ ಒಂದು ಜಾಗ. ಇದು ಸೌಂದರ್ಯಶಾಸ್ತ್ರವಲ್ಲ, ಲೆಕ್ಕಾಚಾರ.

ಹದಿನೈದನೆಯ ಅಧ್ಯಾಯದಲ್ಲಿ ಗ್ರಂಥದ ಮುಖ್ಯ ಕಾಣ್ಕೆಯಿದೆ. ಕೊಳೆಗೇರಿ ಕೊಳೆಗೇರಿಯಾಗಿಯೇ ಉಳಿಯುವುದು ಬಡತನದಿಂದಲ್ಲ, ಜನ ಅಲ್ಲಿ ನೆಲೆ ನಿಲ್ಲದೆ ಓಡಿಹೋಗುವುದರಿಂದ. ಅಲ್ಲಿಂದ ಹೊರಹೋಗುವ ಶಕ್ತಿ ಬಂದ ಮೇಲೂ ಸಾಕಷ್ಟು ಜನ ಸ್ವಂತ ಇಚ್ಛೆಯಿಂದ ಉಳಿದರೆ ಪೇಟೆ ತಾನಾಗಿ ಎದ್ದು ನಿಲ್ಲುತ್ತದೆ ಎನ್ನುತ್ತಾರೆ ಅವರು. ಹೊರಗಿನಿಂದ ದೊಡ್ಡ ಹಣದ ಪ್ರವಾಹ ಬರಬೇಕಿಲ್ಲ. ಮುಂದಿನ ಅಧ್ಯಾಯದಲ್ಲಿ ಹಣವನ್ನೇ ಎರಡು ಬಗೆಯಾಗಿ ವಿಂಗಡಿಸುತ್ತಾರೆ: ಜಿನುಗುವ ಹಣ, ಪ್ರಳಯದ ಹಣ. ಮೊದಲನೆಯದು ಹೊಲಕ್ಕೆ ಹಾಯಿಸಿದ ನೀರು. ಎರಡನೆಯದು ಮಣ್ಣನ್ನೇ ಕೊಚ್ಚಿಕೊಂಡು ಹೋಗುವ ನೆರೆ. ಕೆರೆ ಕಟ್ಟಿಸಿ ಸೊನ್ನಲಿಗೆಯನ್ನು ಬೆಳೆಸಿದ ಸಿದ್ಧರಾಮೇಶ್ವರರ ಊರಿನವರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟರವರೆಗೆ ನಮ್ಮ ಒಪ್ಪಿಗೆ ಪೂರ್ಣವಾಗಿದೆ. ಇನ್ನು ಭಿನ್ನಾಭಿಪ್ರಾಯ.

ಸ್ವಂತ ಇಚ್ಛೆಯಿಂದ ಉಳಿಯುವುದು ಎಂಬ ಮಾತಿನಲ್ಲಿ ಒಂದು ಪ್ರಶ್ನೆ ಅಡಗಿದೆ. ಉಳಿಯುವ ಇಚ್ಛೆ ಎಲ್ಲರಿಗೂ ಇರಬಹುದು. ಉಳಿಯುವ ಅಧಿಕಾರ ಯಾರಿಗಿದೆ? ಜೇಕಬ್ಸ್ ದಂಪತಿಗಳು ಹಡ್ಸನ್ ಬೀದಿಯ ತಮ್ಮ ಮನೆಯನ್ನು 1947ರಲ್ಲಿ ಕೊಂಡು, ತಾವೇ ದುರಸ್ತಿ ಮಾಡಿಸಿಕೊಂಡವರು. ಪತಿ ವಾಸ್ತುಶಿಲ್ಪಿ. ಅವರನ್ನು ಅಲ್ಲಿಂದ ಎಬ್ಬಿಸಲು ಸರಕಾರದ ಬುಲ್‌ಡೋಜರೇ ಬೇಕಿತ್ತು. 1961ರಲ್ಲಿ ನಗರಾಡಳಿತ ಅದಕ್ಕೂ ಕೈಹಾಕಿತು. ಆ ಭಾಗವನ್ನು ನವೀಕರಣದ ಪಟ್ಟಿಗೆ ಸೇರಿಸಹೊರಟಾಗ ಜೇಕಬ್ಸ್ ನೆರೆಹೊರೆಯವರನ್ನು ಕಟ್ಟಿಕೊಂಡು ಹೋರಾಡಿ ಮರುವರ್ಷ ಗೆದ್ದರು. ಆದರೆ ಬಾಡಿಗೆಯ ಮನೆಯವರನ್ನು ಎಬ್ಬಿಸಲು ಬುಲ್‌ಡೋಜರು ಬೇಡ. ಪೇಟೆ ಚೆನ್ನಾಯಿತೆಂಬ ಸುದ್ದಿ ಹಬ್ಬಿದರೆ ಸಾಕು. ಜೇಕಬ್ಸ್ ಬುಲ್‌ಡೋಜರನ್ನು ಗೆದ್ದ ಗ್ರೀನಿಚ್ ವಿಲೇಜ್ ಇಂದು ನ್ಯೂಯಾರ್ಕಿನ ಅತಿ ದುಬಾರಿ ಭಾಗಗಳಲ್ಲೊಂದು. ಮೂಲೆಯ ಅಂಗಡಿಗೆ ಬೀಗದ ಕೈ ಒಪ್ಪಿಸುತ್ತಿದ್ದ ಮಟ್ಟದ ಸಂಸಾರ ಅಲ್ಲಿ ಇಂದು ಬಾಡಿಗೆಗೆ ಮನೆ ಹಿಡಿಯಲಾರದು.

ಈ ಬಗೆಯ ಸ್ಥಳಾಂತರಕ್ಕೆ ‘ಜೆಂಟ್ರಿಫಿಕೇಶನ್’ ಎಂಬ ಹೆಸರನ್ನು ಲಂಡನ್ನಿನ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಕೊಟ್ಟರು. ದುಡಿಯುವವರ ಹಳೆಯ ಮನೆಗಳನ್ನು ಮಧ್ಯಮ ವರ್ಗದವರು ಕೊಂಡು ಸಿಂಗರಿಸುತ್ತ ಬಂದಂತೆ ಮೊದಲಿನವರು ಮೆಲ್ಲಮೆಲ್ಲನೆ ಮಾಯವಾಗುವುದನ್ನು ಅವರು ಗುರುತಿಸಿದರು. ಕನ್ನಡದಲ್ಲಿ ಇದನ್ನು ‘ಉಳ್ಳವರ ನೆಲಸಿಕೆ’ ಎನ್ನಬಹುದೇನೋ. ಬಲ್ಲವರು ಇನ್ನೂ ಒಳ್ಳೆಯ ಶಬ್ದ ಸೂಚಿಸಲಿ.

ಜೇಕಬ್ಸ್ ಇದನ್ನು ಕಂಡೇ ಇರಲಿಲ್ಲ ಎಂದರೆ ಅನ್ಯಾಯವಾದೀತು. ಪೇಟೆಯ ಯಶಸ್ಸೇ ಪೇಟೆಯನ್ನು ತಿನ್ನುವ ಬಗೆಯನ್ನು ಹದಿಮೂರನೆಯ ಅಧ್ಯಾಯದಲ್ಲಿ ವಿವರಿಸುತ್ತಾರೆ. ಆದರೆ ಅಲ್ಲಿ ಅವರ ಚಿಂತೆ ಹೆಚ್ಚಾಗಿ ಅಂಗಡಿಗಳದು: ಹೋಟೆಲುಗಳು ಪುಸ್ತಕದಂಗಡಿಯನ್ನು ನುಂಗಿದವು, ಬ್ಯಾಂಕುಗಳು ಮೂಲೆಗಳನ್ನೆಲ್ಲ ಹಿಡಿದವು, ಬೀದಿಯ ವೈವಿಧ್ಯ ಕೆಟ್ಟಿತು ಎಂದು. ಅಂಗಡಿಯ ಮೇಲಿನ ಅಟ್ಟದಲ್ಲಿದ್ದ ಮುದುಕಿ ಎಲ್ಲಿಗೆ ಹೋದಳು ಎಂದು ಅಷ್ಟೇ ಕಳಕಳಿಯಿಂದ ಕೇಳುವುದಿಲ್ಲ. ಹದಿನೇಳನೆಯ ಅಧ್ಯಾಯದಲ್ಲಿ, ಬಾಡಿಗೆಗೆ ಸರಕಾರದ ಖಾತರಿ ಇರಲಿ, ಆದಾಯಕ್ಕೆ ತಕ್ಕಂತೆ ಜನ ಕೊಡಲಿ, ಆದಾಯ ಹೆಚ್ಚಿದರೂ ಅವರನ್ನು ಮನೆ ಬಿಡಿಸದಿರಲಿ ಎಂಬ ಸಲಹೆಯಿದೆ. ಗ್ರಂಥವನ್ನು ಹೊಗಳುವವರು ಬೀದಿಯ ವರ್ಣನೆಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಈ ಅಧ್ಯಾಯವನ್ನು ತಿರುವಿಹಾಕುತ್ತಾರೆ. ಬೀದಿಯ ಸೊಬಗನ್ನು ಹೊಗಳಿದರೆ ಯಾರಿಗೂ ಖರ್ಚಿಲ್ಲ. ಬಾಡಿಗೆಯ ಖಾತರಿಗೆ ಖರ್ಚಿದೆ.

ಇನ್ನೊಂದು ಕೊರತೆ. ಚಿಕಾಗೋದ ಕಸಾಯಿಖಾನೆಗಳ ಹಿಂದಿನ ‘ಬ್ಯಾಕ್ ಆಫ್ ದಿ ಯಾರ್ಡ್ಸ್’ ಎಂಬ ಪೇಟೆಯನ್ನು ಜೇಕಬ್ಸ್ ಮಾದರಿಯೆಂದು ತೋರಿಸುತ್ತಾರೆ. ಅಲ್ಲಿನ ಜನ ಒಗ್ಗಟ್ಟಾಗಿ ಸ್ಥಳೀಯ ಬ್ಯಾಂಕುಗಳ ಮೇಲೆ ಒತ್ತಡ ತಂದು ದುರಸ್ತಿಯ ಸಾಲ ಪಡೆದದ್ದು ನಿಜ, ಮೆಚ್ಚತಕ್ಕದ್ದೂ ಹೌದು. ಆದರೆ ಅದೇ ಒಗ್ಗಟ್ಟು ಮುಂದೆ ಕಪ್ಪುಜನರನ್ನು ಒಳಗೆ ಬಿಡದ ಗೋಡೆಯಾಯಿತು. ಅದನ್ನು ಕಟ್ಟಲು ನೆರವಾಗಿದ್ದ ಸಾಲ್ ಅಲಿನ್ಸ್ಕಿಯವರೇ ಇದಕ್ಕಾಗಿ ಮರುಗಿದರು. ನೆರೆಹೊರೆಯ ಪ್ರೀತಿ ಹೊರಗಿನವನ ಮೇಲಿನ ದ್ವೇಷವಾಗಬಲ್ಲದು ಎಂಬುದನ್ನು ಗಡಿಯಲ್ಲಿ ವಾಸಿಸುವ ನಾವು ಬಲ್ಲೆವು. ಜೇಕಬ್ಸ್ ಅವರ ಆಶಾವಾದ ಈ ಕಡೆಗೆ ಹೆಚ್ಚು ಹೊತ್ತು ನೋಡುವುದಿಲ್ಲ.

ಗ್ರಂಥದ ದನಿಯನ್ನು ಕುರಿತೂ ಒಂದು ಮಾತು. ಎಬನೆಜರ್ ಹವರ್ಡ್, ಲ ಕಾರ್ಬೂಸಿಯೆ ಮೊದಲಾದವರ ಮೇಲೆ ಲೇಖಕಿ ಹರಿಸುವ ವ್ಯಂಗ್ಯ ಕೆಲವೆಡೆ ಮಿತಿ ಮೀರಿದೆ. ಹವರ್ಡ್ ಹಸಿರು ಊರುಗಳ ಕನಸು ಕಂಡದ್ದು ಲಂಡನ್ನಿನ ಬಡವರ ಹೊಗೆಗತ್ತಲನ್ನು ನೋಡಿ; ಅದನ್ನು ಮರೆತು ನಗುವುದು ಸರಿಯಲ್ಲ. ಇದಕ್ಕೆ ಮರುದಾಳಿಯೂ ನಡೆಯಿತು. ಲೂಯಿಸ್ ಮಮ್‌ಫರ್ಡ್ 1962ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದ ದೀರ್ಘ ವಿಮರ್ಶೆಗೆ ‘ಅಜ್ಜಿಯ ಮನೆಮದ್ದು’ ಎಂಬ ಧಾಟಿಯ ಶೀರ್ಷಿಕೆ ಕೊಟ್ಟರು. ಹೆಂಗಸೊಬ್ಬಳು ಶಾಸ್ತ್ರದ ವಿಷಯ ಬರೆದರೆ ಮದ್ದಿನ ಮಾತು ಬರುವುದು ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ. ಗ್ಯಾನ್ಸ್ ಅವರ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ನಾರ್ತ್ ಎಂಡ್ ಜೀವಂತವಾಗಿರುವುದು ಬೀದಿ ಚಿಕ್ಕದಾಗಿರುವುದರಿಂದಲ್ಲ, ಅಲ್ಲಿನ ಜನರ ಬಾಳುವ ರೀತಿಯಿಂದ, ಕಟ್ಟಡಗಳು ಬದುಕನ್ನು ಸೃಷ್ಟಿಸುವುದಿಲ್ಲ.

ಇಲ್ಲಿಯೇ ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಪ್ರಶ್ನೆ ಏಳುತ್ತದೆ. ಇದನ್ನು ಜೇಕಬ್ಸ್ ಪ್ರತ್ಯೇಕವಾಗಿ ಚರ್ಚಿಸಿಲ್ಲ. ನಾರ್ತ್ ಎಂಡ್ ಬುಲ್‌ಡೋಜರಿನಿಂದ ಉಳಿಯಿತು. ಇಂದು ಅದು ಪ್ರವಾಸಿಗರು ಮುಗಿಬೀಳುವ ದುಬಾರಿ ಪೇಟೆ. ಇಟಾಲಿಯನ್ ಹೋಟೆಲುಗಳು ಸಾಲುಸಾಲಾಗಿವೆ. ಇಟಲಿ ಮೂಲದ ಮನೆಗಳು ಮಾತ್ರ ಕಡಿಮೆಯಾಗಿವೆ. ಅಡುಗೆ ಉಳಿಯಿತು, ಒಲೆಯ ಮುಂದಿನ ಮಾತು ಚದುರಿತು. ಪೇಟೆಯೊಂದು ಬದುಕಿತೆಂದು ಹೇಳಲು ಕಲ್ಲು, ಇಟ್ಟಿಗೆ, ವ್ಯಾಪಾರ ಇವಿಷ್ಟೇ ಸಾಕೆ?

ನಮ್ಮ ಹತ್ತಿರದ ದೃಷ್ಟಾಂತ ಮುಂಬಯಿಯ ಗಿರಣಗಾಂವ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಬಹಳ ಜನ ಮರಳಿ ಒಳಗೆ ಹೋಗಲೇ ಇಲ್ಲ. 1991ರ ನಿಯಮ ಗಿರಣಿಯ ಭೂಮಿಯಲ್ಲಿ ಬಯಲಿಗೂ ವಸತಿಗೂ ಪಾಲು ಇಡಬೇಕೆಂದಿತು. 2001ರ ತಿದ್ದುಪಡಿಯಿಂದ ಆ ಪಾಲು ಕರಗಿತು. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಲೋವರ್ ಪರೇಲಿನಲ್ಲಿ ಗಿರಣಿಯ ಚಿಮಣಿಯ ಪಕ್ಕದಲ್ಲಿ ಗಾಜಿನ ಮಳಿಗೆಗಳು ಹೊಳೆಯುತ್ತವೆ. ಅದನ್ನು ಪುನರುಜ್ಜೀವನವೆನ್ನುವವರು ಇದ್ದಾರೆ. ಜೇಕಬ್ಸ್ ಅವರ ಭಾಷೆಯಲ್ಲಿ ಅದು ಪ್ರಳಯದ ಹಣ.

ಸೊಲ್ಲಾಪುರದಲ್ಲಿ ಅಷ್ಟು ದೊಡ್ಡ ಹಣ ಬಂದಿಲ್ಲ. ನಮ್ಮಲ್ಲಿ ಆಗುವುದು ಸಣ್ಣ ಪ್ರಮಾಣದ್ದು, ಆದ್ದರಿಂದಲೇ ಕಣ್ಣಿಗೆ ಬೀಳದ್ದು. ನಮ್ಮ ವೃತ್ತಿಯ ಅನುಭವದಿಂದ ಹೇಳುವುದಾದರೆ, ಪೇಠದ ಒಂದು ಹಳೆಯ ವಾಡೆ ಕೆಡವಿದ ವಾರದಲ್ಲಿ ಕನ್ನಡ ಶಾಲೆಯ ಕಚೇರಿಗೆ ಮೂರು ನಾಲ್ಕು ಪಾಲಕರು ಶಾಲೆ ಬಿಟ್ಟ ದಾಖಲೆ ಕೇಳಿಕೊಂಡು ಬರುತ್ತಿದ್ದರು. ಮಾಲಿಕರ ಸಂಸಾರ ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿ ಉಳಿಯುತ್ತಿತ್ತು. ಬಾಡಿಗೆಯ ಸಂಸಾರಗಳು ಊರ ಹೊರಗಿನ ಬಡಾವಣೆಗೆ ಹೋಗುತ್ತಿದ್ದವು. ಅಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಕನ್ನಡ ಶಾಲೆ ಇಲ್ಲ. ಏಳು ವರ್ಷದ ಮಗುವನ್ನು ಎರಡು ಬಸ್ಸು ಬದಲಿಸಿ ಕಳಿಸಿರೆಂದು ಯಾವ ತಾಯಿಗೆ ತಾನೇ ಹೇಳಲಾದೀತು? ಕನ್ನಡ ಶಾಲೆಗಳು ಸೊರಗುವುದಕ್ಕೆ ಇಂಗ್ಲಿಷಿನ ಮೋಹವೊಂದೇ ಕಾರಣವೆಂದು ನಮ್ಮ ಸಭೆಗಳಲ್ಲಿ ಠರಾವು ಮಾಡುತ್ತೇವೆ. ಮೋಹವಿದೆ, ನಿಜ. ಆದರೆ ಮೋಹಕ್ಕೆ ಮೊದಲು ಮನೆ ಹೋಗಿರುತ್ತದೆ. ಅದು ಯಾವ ಠರಾವಿನಲ್ಲಿಯೂ ಬರುವುದಿಲ್ಲ.

ಗಡಿಯ ಭಾಷೆ ಶಾಲೆಯಲ್ಲಿ ಅರ್ಧ, ಓಣಿಯಲ್ಲಿ ಅರ್ಧ ಕಲಿಯುವಂಥದು. ಮರಾಠಿ, ತೆಲುಗು, ಉರ್ದು, ಕನ್ನಡ ನಾಲ್ಕೂ ಒಂದೇ ಕಟ್ಟೆಯ ಮೇಲೆ ಕೇಳಿಬರುವ ನಮ್ಮ ಹಳೆಯ ಪೇಠದಲ್ಲಿ ಮಗುವಿನ ಕನ್ನಡಕ್ಕೆ ಪಕ್ಕದ ಮನೆಯ ಆಯಿ, ಹಿಟ್ಟಿನ ಗಿರಣಿಯವರು, ಗುಡಿಯ ಪೂಜಾರಿಗಳು ಎಲ್ಲರೂ ಗುರುಗಳು. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಟಾಗ ದಾರಿಯುದ್ದಕ್ಕೂ ಮನೆಬಾಗಿಲಲ್ಲಿ ನಿಂತು ಕೈಮುಗಿಯುವವರು ಈ ಓಣಿಗಳ ಜನವೇ. ಧ್ವಜದ ದಾರಿಯನ್ನು ಯಾವ ಯೋಜನೆಯೂ ಬದಲಿಸಲಾರದು. ಬಾಗಿಲಲ್ಲಿ ನಿಲ್ಲುವವರು ಯಾರು ಎಂಬುದು ಬದಲಾಗಬಲ್ಲದು. ಜೇಕಬ್ಸ್ ಬರೆದ ಬೀದಿಯ ಪರಿಚಯ, ಸಣ್ಣ ನಂಬಿಕೆ, ನಿತ್ಯದ ಎರಡು ಮಾತು ಇವುಗಳನ್ನು ನಾವು ಭಾಷೆಯ ದೃಷ್ಟಿಯಿಂದ ಮತ್ತೆ ಓದಬೇಕಾಗಿದೆ. ಅವರು ಸುರಕ್ಷತೆಗಾಗಿ ಕೇಳಿದ್ದನ್ನೇ ನಾವು ಕನ್ನಡಕ್ಕಾಗಿ ಕೇಳಬಹುದು.

ಆದ್ದರಿಂದ ಹಳೆಯ ಊರಿನ ಯೋಜನೆಯ ಕರಡು ಸಾರ್ವಜನಿಕರ ಮುಂದೆ ಬಂದಾಗ ಸಂಘ ರಸ್ತೆಯ ಅಗಲವನ್ನೂ ದೀಪದ ಕಂಬಗಳನ್ನೂ ನೋಡಿದ ಮೇಲೆ, ಈಗಿರುವ ಬಾಡಿಗೆದಾರರಲ್ಲಿ ಎಷ್ಟು ಮನೆಗಳು ಅದೇ ಓಣಿಯಲ್ಲಿ ಉಳಿಯುತ್ತವೆ, ಯಾವ ಬಾಡಿಗೆಗೆ, ಎಷ್ಟು ವರ್ಷಕ್ಕೆ ಎಂದು ಬರೆದು ಕೇಳಬೇಕು. ಕನ್ನಡದಲ್ಲಿ ಒಂದು ಪ್ರತಿ, ಮರಾಠಿಯಲ್ಲಿ ಒಂದು ಪ್ರತಿ; ಪಕ್ಕದ ತೆಲುಗು ಬಂಧುಗಳ ಸಹಿಯೂ ಇದ್ದರೆ ಒಳ್ಳೆಯದು, ಏಕೆಂದರೆ ವಾಡೆ ಬಿದ್ದರೆ ಅವರೂ ನಮ್ಮೊಡನೆಯೇ ಚದುರುವರು.

ಗ್ರಂಥವನ್ನು ಓದಬಯಸುವ ತರುಣರಿಗೆ ಒಂದು ಸೂಚನೆ. ಇಂಗ್ಲಿಷು ಕಠಿಣವಲ್ಲ, ವಾಕ್ಯಗಳು ಮಾತ್ರ ಉದ್ದ. ಮೊದಲಿನಿಂದ ಹಿಡಿಯದೆ ಬೀದಿಯ ಸುರಕ್ಷತೆಯ ಎರಡನೆಯ ಅಧ್ಯಾಯವನ್ನು ಓದಿ, ಅಲ್ಲಿಂದ ಹತ್ತನೆಯದಕ್ಕೆ, ಅನಂತರ ಹದಿಮೂರು, ಹದಿನೈದು, ಹದಿನಾರು, ಹದಿನೇಳಕ್ಕೆ ಹೋಗುವುದು ಒಳಿತು. ವಾಹನಗಳನ್ನು ಕುರಿತದ್ದನ್ನು ಬಿಟ್ಟರೂ ನಡೆದೀತು. ವಿಜ್ಞಾನದ ವಿದ್ಯಾರ್ಥಿಗಳಿಗೆ ಕೊನೆಯ ಅಧ್ಯಾಯ ಹಿಡಿಸಬಹುದು. ಊರನ್ನು ಜೀವಶಾಸ್ತ್ರದ ಸಮಸ್ಯೆಯಂತೆ ನೋಡಬೇಕೆಂದು ಅಲ್ಲಿ ವಾದಿಸಲಾಗಿದೆ. ಓದಿದವರು ಅದರ ಹದಿನೇಳನೆಯ ಅಧ್ಯಾಯವೊಂದನ್ನಾದರೂ ಕನ್ನಡಕ್ಕೆ ತಂದುಕೊಟ್ಟರೆ ಮುಂದಿನ ಸಮ್ಮೇಳನದ ಸಂಚಿಕೆಗೆ ಅದು ತಕ್ಕ ಬರಹವಾದೀತು.